ದಾರಕ್ಕೆ ಹತ್ತಿದ ಕುಂಕುಮ

ಸುಜಾತಾ, ಗುಂಡು ಎಸೆತದ ಆಯ್ಕೆಯಲ್ಲಿ ನಿನ್ನ ಹೆಸರು ಬಿಟ್ಟುಹೋದದ್ದು ನಿನ್ನ ತೋಳಿನ ತಪ್ಪಲ್ಲ. ನನ್ನ ತಪ್ಪು. ಅವತ್ತು ನಾನು ಶೇಂಗಾ ಸುಲಿಯುತ್ತ ಕೂತಿದ್ದೆ. ನೀನು ಚಳ್ಳಕೆರೆ ಬಸ್ಸಿಳಿದು ಬಂದು, ಹೊಸ್ತಿಲಲ್ಲೇ ನಿಂತು, "ಅವ್ವಾ, ನನ್ನ ತಗಳಲಿಲ್ಲ" ಅಂದೆ. ಯಾಕೆ ಎಂದು ನಾನು ಕೇಳಲಿಲ್ಲ. ಯಾವ ತಾಯಿಯಾದರೂ ಕೇಳುತ್ತಿದ್ದಳು — ನನಗೆ ಕೇಳುವ ಅಗತ್ಯವಿರಲಿಲ್ಲ.

ಏಳು ವರ್ಷವಾಯಿತು.

ನಿನಗೆ ಗುಂಡು ಎಸೆಯುವುದನ್ನು ಕಲಿಸಿದವರು ಬಿ.ಜಿ. ಕೆರೆಯ ನಮ್ಮ ಪಿ.ಟಿ. ಮೇಷ್ಟ್ರು. ಮೈಗೆ ಕಸುವು ಬರಲೆಂದು ಭಾರದ ರಾಡು ಎತ್ತಿಸುತ್ತಿದ್ದರು. ಅವರದು ಹಳೆಯ ಕ್ರಮ: ಇಷ್ಟು ಭಾರ, ಹತ್ತು ಸಲ. ಒಂಬತ್ತಕ್ಕೆ ಕಾಲು ನಡುಗಿದರೂ ಹತ್ತು ಆಗಲೇಬೇಕು. ಆಮೇಲೆ ಚಳ್ಳಕೆರೆಯ ಕೋಚ್ ಒಂದು ಡಬ್ಬಿ ತಂದರು. ಅದರೊಳಗಿಂದ ಬರುವ ದಾರವನ್ನು ರಾಡಿಗೆ ಸಿಕ್ಕಿಸಿ ಎತ್ತಿದರೆ, ಎಷ್ಟು ವೇಗವಾಗಿ ಎತ್ತಿದೆ ಎಂದು ಫೋನು ತೋರಿಸುತ್ತಿತ್ತು.

"ಬೆಳೆಯೋ ಮಕ್ಳು ಕಣಮ್ಮಾ. ಎಷ್ಟ್ ಸಲ ಎತ್ತಿದ್ಳು ಅನ್ನೋದಲ್ಲ. ವೇಗ ಬಿತ್ತಾ, ನಿಲ್ಲಿಸ್ಬಿಡ್ಬೇಕು" ಎಂದರು ನನಗೆ.

ಮೇಷ್ಟ್ರು ನಕ್ಕರು: "ಹಂಗಾರೆ ಗುಂಡೂ ಡಬ್ಬಿನೇ ಎಸೀಲಿ ಬಿಡ್ರಿ!"

ಕೋಚ್ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಡಬ್ಬಿ ನಮ್ಮ ಮನೆಯಲ್ಲೇ ಇರುತ್ತಿತ್ತು. ನೀನು ಅಂಕಿ ಕಳಿಸುವುದು, ಅವರು ಅಲ್ಲಿಂದಲೇ ಭಾರ ಏರಿಸು, ಇಳಿಸು ಎನ್ನುವುದು.

ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಮಣೆ, ನಿಮ್ಮಪ್ಪನ ಸೈಕಲ್ಲು — ಇವುಗಳ ಸಾಲಿನಲ್ಲಿ ಆ ಡಬ್ಬಿಯನ್ನೂ ಇಟ್ಟೆ. ನೀನು ಮೈದಾನಕ್ಕೆ ಹೋಗಿದ್ದೆ. ನನ್ನ ಮಗಳ ಆಯುಧ ಇದೇ ಅಲ್ಲವೇ ಎಂದು ಭಕ್ತಿಯಿಂದ, ನೀರಿನಲ್ಲಿ ಕಲಸಿದ ಕುಂಕುಮವನ್ನು ದಾರದ ತೂತಿನ ಸುತ್ತ ಹಚ್ಚಿದೆ. ಕೈ ಧಾರಾಳವಾಯಿತು; ಒಳಗಿಳಿಯಿತು. ದಾರ ಎಳೆದೆ — ಕೆಂಪಗೆ ಬಂತು. ಒರೆಸಿ ಮತ್ತೆ ಎಳೆದೆ, ಮತ್ತೂ ಕೆಂಪು. ಸೆರಗಿನಿಂದ ತಿಕ್ಕಿ ತಿಕ್ಕಿ, ನೀನು ಬರುವಷ್ಟರಲ್ಲಿ ಬ್ಯಾಗಿನಲ್ಲಿಟ್ಟೆ.

ಒಳಗೆ ಕುಂಕುಮ ಮೆತ್ತಿ ಡಬ್ಬಿ ವೇಗವನ್ನು ಕಡಿಮೆ ತೋರಿಸತೊಡಗಿತು; ಮರುದಿನದಿಂದ ಅಂಕಿ ಇಳಿಯಿತು. ಸುಸ್ತಾಗಿರಬೇಕು, ಭಾರ ಇಳಿಸು ಎಂದರು ಕೋಚ್. ಮತ್ತೊಂದು ವಾರ, ಮತ್ತೆ ಇಳಿಸು. ಒಂದು ಸಂಜೆ ನೀನು ಒಲೆಯ ಹತ್ತಿರ ಬಂದು ಕೂತೆ.

"ಅವ್ವಾ, ರಾಡು ನಂಗೆ ಹಗುರ ಅನ್ಸ್ತೈತೆ. ಡಬ್ಬಿ ಮಾತ್ರ ನಿಧಾನ ಅಂತೈತೆ. ಯಾವ್ದು ನಿಜ?"

ಆಗಲೇ ಹೇಳಬಹುದಿತ್ತು. ಡಬ್ಬಿ ಕೆಟ್ಟಿತೆಂದರೆ ನಿಮ್ಮಪ್ಪ ಆಟವನ್ನೇ ಬಿಡಿಸಿಯಾರು ಎಂಬ ಭಯ, ಕೋಚ್ ಎದುರು ನಾಚಿಕೆ, ಅದಕ್ಕೂ ಮಿಗಿಲಾಗಿ — ದೇವರ ಕುಂಕುಮದಿಂದಲೇ ಕೆಟ್ಟಿತು ಎಂದು ಯಾವ ಬಾಯಿಂದ...

"ಮಿಷಿನ್ನು ಸುಳ್ಳು ಹೇಳ್ತೈತೇನೇ? ನಿನ್ನ ಮೈಯಾಗೇ ಕಸುವಿಲ್ಲ" ಅಂದುಬಿಟ್ಟೆ.

ನೀನು ನಂಬಿದೆ. ನಿನ್ನ ತೋಳು ಹೇಳಿದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದೆ. ವಾರಗಟ್ಟಲೆ ಹಗುರ ಭಾರವನ್ನೇ ಎತ್ತಿದ್ದೆ; ಆಯ್ಕೆಯ ದಿನ ಗುಂಡು ನಿನ್ನ ಹಿಂದಿನ ವರ್ಷದ ಗೆರೆಯನ್ನೂ ಮುಟ್ಟಲಿಲ್ಲವಂತೆ. "ಮಿಷಿನ್ ಕಟ್ಕೊಂಡು ಹುಡುಗಿ ಕೆಟ್ಲು" ಎಂದರು ಮೇಷ್ಟ್ರು. ಕೋಚ್ ತಲೆ ತಗ್ಗಿಸಿ ಡಬ್ಬಿ ತೆಗೆದುಕೊಂಡು ಹೋದರು. ನಾನು ಅವರಿಗೆ ಟೀ ಕೊಟ್ಟು ಕಳಿಸಿದೆ — ಟೀ ಮಾತ್ರ. ತಪ್ಪು ಅವರ ವಿದ್ಯೆಯದಲ್ಲ, ಮೇಷ್ಟ್ರ ಹತ್ತು ಸಲದ್ದೂ ಅಲ್ಲ.

ಅಂದಿನಿಂದ ನಾನು ದೇವರ ದಯೆಗಳನ್ನು ಎಣಿಸುತ್ತ ಬಂದೆ. ನಿನ್ನ ಬೆನ್ನಿಗೆ ಪೆಟ್ಟಾಗಲಿಲ್ಲ. ಓದು ಮುಗಿಯಿತು. ನನ್ನಿವಾಳದ ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಒಂದೊಂದು ದಯೆಯನ್ನೂ ನನ್ನ ಸುಳ್ಳಿನ ಮೇಲೆ ಹೊದಿಸುತ್ತ ಬಂದಿದ್ದೇನೆ ಎಂದು ನಿನ್ನೆಯಷ್ಟೇ ತಿಳಿಯಿತು. ಫೋನಿನಲ್ಲಿ ನೀನು, "ಹುಡ್ಗೀರು ಗುಂಡು ಎಸೆಯೋದು ಕಲ್ಸಿ ಮಿಸ್ ಅಂತಾರವ್ವ. ಎಸೆಯೋ ಮೈಯಲ್ಲ ನಂದು, ಬೇರೆ ಯಾರ್ನಾದ್ರೂ ಕೇಳ್ರಿ ಅಂದೆ" ಎಂದು ನಕ್ಕೆ. ನೀನು ಎಷ್ಟು ಹಗುರವಾಗಿ ನಕ್ಕೆ!

ಇವತ್ತು ಸಂಜೆ ನೀನು ಬರುತ್ತೀಯ. ಧೈರ್ಯ ತಂದುಕೊಳ್ಳಲೆಂದು ಇದನ್ನು ಬರೆದೆ. ಆದರೆ ಈ ಕಾಗದ ನಿನ್ನ ಕೈಗೆ ಕೊಡುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಊಟಕ್ಕೆ ಮೊದಲೇ ಹೇಳಬೇಕು. ಉಂಡ ಮೇಲಾದರೆ ನನ್ನ ಕೈತುತ್ತು ನನ್ನ ಪರ ವಾದಿಸೀತು. ನೀನು ತಟ್ಟೆ ಬಿಟ್ಟು ಎದ್ದು ಹೋದರೆ, ಹೋಗು, ತಡೆಯುವುದಿಲ್ಲ.

ಎಸರು ಕುದಿಯುತ್ತಿದೆ. ಮುದ್ದೆಗೆ ಹಿಟ್ಟು ಹಾಕಬೇಕು.