ಕೊನೇ ಬೆಂಚಿನ ಬಿಂದುಶ್ರೀ

ಬಿಂದುಶ್ರೀ ಫೇಲಾದರೆ ಅದಕ್ಕೆ ನಾನೇ ಕಾರಣ. ಒಂದು ತಿಂಗಳಿಂದ ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಮಗಳಿಗೆ ಅನ್ನ ಕಲಸುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ.

ಸುದ್ದಗುಂಟೆಪಾಳ್ಯದ ಬೈರಣ್ಣನವರ ಮಹಡಿಯಲ್ಲಿ ಅವಳದೂ ನಮ್ಮದೂ ಎದುರುಬದುರು ಬಾಡಿಗೆ ಮನೆ. ತಿಪಟೂರಿನಲ್ಲಿ ಎರಡು ವರ್ಷ ಬಿ.ಕಾಂ. ಓದಿ, ಮದುವೆಯಾಗಿ ಬಂದವಳು ಟಿ.ಸಿ. ಹಿಡಿದು ಜಯನಗರದ ಒಂದು ಸಂಜೆ ಕಾಲೇಜಿಗೆ ಸೇರಿದಳು. ಹಗಲು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮೂರನೇ ವರ್ಷದ್ದೆಲ್ಲ ಒಂದೇ ಸಲಕ್ಕೆ ಪಾಸು. ಆದರೆ ಇಲ್ಲಿ ಮೊದಲ ವರ್ಷಕ್ಕಿರುವ ಕಂಪ್ಯೂಟರ್ ಪೇಪರು ತಿಪಟೂರಿನಲ್ಲಿ ಇರಲಿಲ್ಲ. ಅದನ್ನು ಬರೆಯದೆ ಡಿಗ್ರಿ ಇಲ್ಲ ಅಂದರು. ಆ ಕ್ಲಾಸಿಗೆ ಮೊದಲ ದಿನ ಇವಳು ಸೀರೆಯಲ್ಲಿ ಒಳಗೆ ಹೋದರೆ ಫಸ್ಟ್ ಇಯರ್ ಮಕ್ಕಳೆಲ್ಲ ಎದ್ದು ನಿಂತು ಗುಡ್ ಈವ್ನಿಂಗ್ ಮೇಡಂ ಅಂದರಂತೆ. ಇವಳು ಕೂತ್ಕೊಳ್ರಪ್ಪ ಅಂತ ಹೇಳಿ, ಸೀದಾ ಕೊನೇ ಬೆಂಚಿಗೆ ಹೋಗಿ ತಾನೂ ಕೂತಳಂತೆ.

ಹೀಗೆ ಬೇರೆ ಕಾಲೇಜಿಂದ ಬಂದವರು ಐದು ಜನ. ಮೂವರು ನಡುವೆಯೇ ಬಿಟ್ಟರು. ಇವಳು ಎರಡು ಸಲ ಫೇಲಾದಳು, ಮೂರನೇ ಸಲವೂ ಕಟ್ಟಿದಳು.

ಆ ಪರೀಕ್ಷೆಯ ಹಿಂದಿನ ಸಂಜೆಯೇ ನನ್ನ ಮಗಳಿಗೆ ಜ್ವರ ಏರಬೇಕೆ! ನನ್ನ ಗಂಡ ಊರಲ್ಲಿರಲಿಲ್ಲ, ಹೋಗಿ ಎದುರು ಮನೆಯ ಬಾಗಿಲು ಬಡಿದೆ. ಬಿಂದುಶ್ರೀ ಆಟೋ ಹಿಡಿದು ಮಡಿವಾಳದ ಕ್ಲಿನಿಕ್ಕಿಗೆ ಕರೆದೊಯ್ದಳು. ಮೂರು ಗಂಟೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಹೋಗಿ ಓದಿಕೋ ಎಂದು ಗೋಗರೆದೆ.

"ಓದಿರೋದು ಎಲ್ಲೂ ಓಡೋಗಲ್ಲ, ಸುಮ್ನಿರಕ್ಕ" ಅಂದಳು.

ಇವತ್ತು ರಿಸಲ್ಟು. ಫ್ಯಾಕ್ಟರಿಯಲ್ಲಿ ಮೊಬೈಲು ಲಾಕರಿಗೆ ಹೋಗುತ್ತದೆ ಅಂತ ರಿಜಿಸ್ಟರ್ ನಂಬರನ್ನು ನಮ್ಮ ಕ್ಯಾಲೆಂಡರಿನ ಮೇಲೆ ಬರೆದು ಹೋಗಿದ್ದಳು. ಎರಡು ಗಂಟೆಗೆ ನನ್ನ ಫೋನಿನಲ್ಲಿ ಆ ನಂಬರು ಹಾಕಿ ಒತ್ತಿದೆ. ಸುತ್ತುತ್ತಲೇ ಇತ್ತು. ಮತ್ತೆ ಒತ್ತಿದೆ. ಬಂತು. ನಲವತ್ತೆಂಟು, ಪಾಸ್! ನಾನೇ ನಂಬರು ತಪ್ಪು ಹಾಕಿದೆನೇನೋ ಅಂತ ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತ ಮತ್ತೆ ಹಾಕಿದೆ. ಪಾಸೇ. ಮಗಳನ್ನು ಎತ್ತಿಕೊಂಡು ಹಾಲ್ ತುಂಬ ಕುಣಿದೆ.

ಸಂಜೆಯವರೆಗೆ ಹೇಗೆ ಕಾಯುವುದು? ಕ್ಯಾಲೆಂಡರಿನ ಮೂಲೆಯಲ್ಲಿ ಅವಳ ಸೂಪರ್‌ವೈಸರ್ ನಂಬರೂ ಇತ್ತು. ಕೆಳಗೆ, ಎಮರ್ಜೆನ್ಸಿಗೆ ಮಾತ್ರ ಅಂತ ಬರೆದು ಎರಡು ಗೆರೆ ಎಳೆದಿದ್ದಳು. ಅವಳಿಗೆ ಬೈದರೆ? ಫೋನು ಹಿಡಿದು ಹತ್ತು ನಿಮಿಷ ಅಡುಗೆಮನೆಗೂ ಬಾಲ್ಕನಿಗೂ ಓಡಾಡಿದೆ. ಕೊನೆಗೆ ಒತ್ತಿಯೇಬಿಟ್ಟೆ.

"ಸಾರ್, ಬಿಂದುಶ್ರೀನ ಸ್ವಲ್ಪ ಕರೀತೀರಾ? ಎಮರ್ಜೆನ್ಸಿ."

"ಏನಾಯ್ತು ಮೇಡಂ?" ಮಿಷಿನ್ನುಗಳ ಸದ್ದಿನ ನಡುವೆ ಆತನ ದನಿಯಲ್ಲಿ ಗಾಬರಿಯಿತ್ತು.

"ಡಿಗ್ರಿ ಆಯ್ತು ಸಾರ್."