ಮಾಸ್ಟ್ರು ಕ್ವಾಯರ್ ಬಿಟ್ಟ ವರ್ಷ

ಒಬ್ಬರು ನನ್ನನ್ನು ನಂಬಿ ಹೇಳಿದ ಮಾತನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅದರಿಂದ ಏನೇನಾಯಿತು ಎಂದು ಬರೆಯುವ ಧೈರ್ಯ ಬರಲು ಇಷ್ಟು ವರ್ಷ ಬೇಕಾಯಿತು.

ಆಗ ನಾವು ದೋಹಾದ ಐನ್ ಖಾಲಿದ್‌ನಲ್ಲಿ ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ಒಂದು ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್, ನಾನು ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ, ಮಗಳು ಐದನೇ ಕ್ಲಾಸಿನಲ್ಲಿ. ಊರು ಉಡುಪಿ ಕಡೆ, ಮನೆಮಾತು ಕೊಂಕಣಿ. ನಮ್ಮ ಹಾಲ್ ದೊಡ್ಡದು ಎಂಬ ಒಂದೇ ಕಾರಣಕ್ಕೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಕೊಂಕಣಿ ಕ್ವಾಯರಿನ ಪ್ರಾಕ್ಟೀಸ್ ಪ್ರತಿ ಬುಧವಾರ ಸಂಜೆ ನಮ್ಮಲ್ಲೇ ನಡೆಯುತ್ತಿತ್ತು. ಹನ್ನೆರಡು ಜನ ಹಾಡುವವರು, ಹನ್ನೆರಡು ಜೊತೆ ಚಪ್ಪಲಿ, ಒಂದು ದೊಡ್ಡ ಫ್ಲಾಸ್ಕ್ ಚಹಾ.

ಕ್ವಾಯರ್ ನಡೆಸುತ್ತಿದ್ದವರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತಿದ್ದೆವು. ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ಒಂದು ಕನ್‌ಸ್ಟ್ರಕ್ಷನ್ ಕಂಪೆನಿಯಲ್ಲಿ ಫೈಲು, ಡ್ರಾಯಿಂಗುಗಳ ಲೆಕ್ಕ ಇಡುವ ಕೆಲಸ. ಮುಐದರ್‌ನ ಒಂದು ಶೇರಿಂಗ್ ವಿಲ್ಲಾದಲ್ಲಿ ರೂಮು. ಇಗರ್ಜಿ ಎಂಬ ಕಟ್ಟಡವೇ ಇಲ್ಲದೆ ಯಾರದೋ ಮನೆಯಲ್ಲಿ ಪೂಜೆ ನಡೆಯುತ್ತಿದ್ದ ಕಾಲದಿಂದಲೂ ಹಾಡು ಕಲಿಸಿದವರು ಅವರೇ. ಮಾತು ಕಡಿಮೆ, ಆದರೆ ಸ್ವರ ತಪ್ಪಿದರೆ ಸುಮ್ಮನಿರುವವರಲ್ಲ. "ಆಲ್ಟೊದವರು ಚಹಾ ಕುಡಿದ ಮೇಲೆ ಹಾಡ್ತೀರೋ, ಈಗಲೇ ಹಾಡ್ತೀರೋ?" ಎಂದು ಕೇಳಿಬಿಡುತ್ತಿದ್ದರು. ಆಲ್ಟೊದಲ್ಲಿ, ಅಂದರೆ ಹೆಂಗಸರ ತಗ್ಗು ಸ್ವರದ ಗುಂಪಿನಲ್ಲಿ, ನಾನೂ ಇದ್ದೆ. ಪ್ರಾಕ್ಟೀಸ್ ಶುರುವಾಗುವ ಮೊದಲು ಅರ್ಧ ಗಂಟೆ ನನ್ನ ಮಗಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದರು. ಮೂರು ವರ್ಷದಿಂದ ಅದು ನಡೆದಿತ್ತು.

ಸಂಬಂಧ ಕುದುರಿಸುವುದು ನನಗೊಂದು ಚಟ. ನನ್ನ ಚಿಕ್ಕಮ್ಮನ ಮಗಳು ಕುವೈತಿನಲ್ಲಿ ಸ್ಟಾಫ್ ನರ್ಸ್. ಮೂವತ್ತನಾಲ್ಕು ವಯಸ್ಸು, ಒಳ್ಳೆಯ ಹುಡುಗಿ, ಹಾಡುತ್ತಾಳೆ ಬೇರೆ. ಮಾಸ್ಟ್ರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು? ಎರಡು ಸಲ ವಿಷಯ ಎತ್ತಿದೆ, ಅವರು ನಕ್ಕು ಬೇರೆ ಮಾತು ತೆಗೆದರು. ಮೂರನೇ ಸಲ ನಾನು ಬಿಡಲಿಲ್ಲ. ಪ್ರಾಕ್ಟೀಸ್ ಮುಗಿದು, ನನ್ನ ಗಂಡ ಹೆಂಗಸರನ್ನು ಕಾರಿನಲ್ಲಿ ಮನೆಗೆ ಬಿಡಲು ಹೋದಾಗ ಹುಡುಗಿಯ ಫೋಟೊ ತಂದು ಅವರ ಮುಂದೆ ಇಟ್ಟೆ.

"ಒಮ್ಮೆ ಫೋನಲ್ಲಿ ಮಾತಾಡಿ ಮಾಸ್ಟ್ರೇ. ಇಷ್ಟ ಆಗದಿದ್ದರೆ ಖಲಾಸ್, ನಾನು ಮತ್ತೆ ಬಾಯಿ ಬಿಡುವುದಿಲ್ಲ."

ಅವರು ಫೋಟೊ ನೋಡಿದರು. ತಿರುಗಿಸಿ ನನ್ನ ಕಡೆಗೆ ಸರಿಸಿದರು. "ಹುಡುಗಿ ಚೆನ್ನಾಗಿದ್ದಾಳೆ ಅಕ್ಕ. ಅದಕ್ಕೇ ಹೇಳ್ತೇನೆ, ಅವಳಿಗೆ ಮೋಸ ಆಗಬಾರದು. ನನಗೆ ಹೆಂಗಸರ ಮೇಲೆ ಮನಸ್ಸು ಹೋಗುವುದಿಲ್ಲ. ಹುಡುಗನಾಗಿದ್ದಾಗಿನಿಂದ ಇಲ್ಲ. ಹೋಗುವುದು ಗಂಡಸರ ಮೇಲೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನನ್ನ ಬಾಯಿಂದ ಬಂದದ್ದು, "ಡಾಕ್ಟರಿಗೆ ತೋರಿಸಿದ್ದೀರಾ?" ಎಂಬ ಮಾತು.

ಅವರಿಗೆ ಸಿಟ್ಟು ಬರಲಿಲ್ಲ. "ತೋರಿಸಿದ್ದೇನೆ. ಪಾದ್ರಿಗಳಿಗೆ ಹೇಳಿದ್ದೇನೆ. ಊರಲ್ಲಿ ಎರಡು ಸಲ ಧ್ಯಾನಕೂಟಕ್ಕೆ ಹೋಗಿ ಉಪವಾಸ ಕೂತಿದ್ದೇನೆ. ತೂಕ ಇಳಿಯಿತು, ಅಷ್ಟೇ." ಹಾಡಿನ ಪುಸ್ತಕ ಮುಚ್ಚುತ್ತಾ ಹೇಳಿದರು. "ನಾನು ಒಂಟಿಯಾಗಿಯೇ ಇದ್ದೇನೆ ಅಕ್ಕ, ಯಾರಿಗೂ ತೊಂದರೆ ಕೊಟ್ಟವನಲ್ಲ. ಇದು ನಿಮ್ಮಲ್ಲೇ ಇರಲಿ."

ಇರಲಿ ಎಂದೇ ನಾನೂ ಅಂದುಕೊಂಡೆ. ನಾಲ್ಕು ದಿನ ಇತ್ತು. ಐದನೆಯ ದಿನ ನನ್ನ ಗಂಡ "ಫೋಟೊ ತೋರಿಸಿದೆಯಾ? ಏನಂದರು?" ಎಂದು ಕೇಳಿದಾಗ ಹೇಳಿಬಿಟ್ಟೆ. ಗಂಡನಲ್ಲವೇ, ಪರಕೀಯರೇನಲ್ಲವಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ನನ್ನ ಗಂಡ ಸಾಧು ಮನುಷ್ಯ. ಯಾರ ತಂಟೆಗೂ ಹೋಗುವವರಲ್ಲ. ಆದರೆ ಆ ಸಂಜೆ ಅವರ ಮುಖದ ಬಣ್ಣ ಬದಲಾಯಿತು. "ನಮ್ಮ ಮಗಳಿಗೆ ಕಲಿಸ್ತಾ ಇದ್ದಾರಲ್ಲ" ಎಂದರು. ನಾನು, "ಅದಕ್ಕೂ ಇದಕ್ಕೂ ಏನು ಸಂಬಂಧ? ಹಾಲಿನ ಬಾಗಿಲು ತೆರೆದೇ ಇರ್ತದೆ, ನಾನು ಅಡುಗೆಮನೆಯಿಂದ ನೋಡ್ತಾನೇ ಇರ್ತೇನೆ" ಎಂದೆ. ಅವರು ಮರುದಿನ ಗುರ್ಕಾರರ ಹತ್ತಿರ ಹೋಗಿ ಹೇಳಿದರು.

ಊರಿನಲ್ಲಿ ವಾರ್ಡಿನ ಮುಖಂಡರನ್ನು ಗುರ್ಕಾರ ಎನ್ನುವುದು. ಇಲ್ಲಿ ಕೊಂಕಣಿ ಕಮಿಟಿಯ ಅಧ್ಯಕ್ಷರನ್ನೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವುದು, ತೀರಿಹೋದವರ ಶರೀರ ಊರಿಗೆ ಕಳಿಸುವುದು, ಎಲ್ಲದಕ್ಕೂ ಓಡಾಡುವವರು. ಅವರು ಕಮಿಟಿಯ ಇಬ್ಬರನ್ನು ಕರೆದು ಮಾತಾಡಿ ಮಾಸ್ಟ್ರಿಗೆ ಫೋನ್ ಮಾಡಿದರು: "ಕೆಲವು ಸಮಯ ವಿಶ್ರಾಂತಿ ತೆಗೊಳ್ಳಿ. ಈ ಸಲ ಕ್ರಿಸ್ಮಸ್ ನಮ್ಮ ಹುಡುಗರು ನೋಡಿಕೊಳ್ತಾರೆ."

ಬುಧವಾರ ಎಲ್ಲರೂ ಬಂದರು, ಮಾಸ್ಟ್ರು ಬರಲಿಲ್ಲ. ಅವರಿಗೆ ಹುಷಾರಿಲ್ಲವಂತೆ ಎಂದು ಯಾರೋ ಹೇಳಿದರು. ನಾನು ಚಹಾ ಸುರಿಯುತ್ತಾ ತಲೆ ತಗ್ಗಿಸಿದೆ.

ಮೂರು ದಿನ ಫೋನ್ ಮಾಡಿದ ಮೇಲೆ ಅವರು ಎತ್ತಿದರು.

"ಯಾರಿಗೆ ಹೇಳಿದಿರಿ ಅಕ್ಕ?"

"ಇವರಿಗೆ ಮಾತ್ರ. ನಾನು ಅಂದುಕೊಳ್ಳಲಿಲ್ಲ ಮಾಸ್ಟ್ರೇ…"

"ಅದು ಇರಲಿ. ಒಟ್ಟು ಎಷ್ಟು ಜನಕ್ಕೆ ಗೊತ್ತು? ನನ್ನ ಆಫೀಸಿನ ಕಡೆ ಹೋಯಿತಾ ಇಲ್ಲವಾ, ಅದೊಂದು ತಿಳಿಸಿ."

ನಾನು ಕ್ವಾಯರ್, ಕ್ರಿಸ್ಮಸ್, ನನ್ನ ಮರ್ಯಾದೆ ಎಂದು ಯೋಚಿಸುತ್ತಿದ್ದೆ. ಅವರು ಯೋಚಿಸುತ್ತಿದ್ದದ್ದು ಪೊಲೀಸರ ಬಗ್ಗೆ. ಆ ದೇಶದಲ್ಲಿ ಇಂಥ ಮಾತು ತಪ್ಪು ಕಿವಿಗೆ ಬಿದ್ದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು, ಆಮೇಲೆ ವಿಮಾನ ಹತ್ತಿಸಿ ಕಳಿಸುತ್ತಾರೆ. ಇದು ನನಗೂ ಗೊತ್ತಿದ್ದ ವಿಷಯವೇ. ಹೇಳುವಾಗ ಮಾತ್ರ ನೆನಪಾಗಲಿಲ್ಲ.

ಅಲ್ಲಿ ವಾರದ ರಜೆಯಾದ ಶುಕ್ರವಾರ, ಪೂಜೆಗೆ ಮೊದಲು ಪಾಪನಿವೇದನೆಗೆ ಹೋದೆ. ನಮ್ಮ ಕಡೆಯ ಪಾದ್ರಿಯೇ ಕೂತಿದ್ದರು. ಹೇಳಿ ಮುಗಿಸಿದಾಗ ಅವರು, "ಬಿದ್ದ ಮಾತು ಹೆಕ್ಕಲಿಕ್ಕೆ ಆಗುವುದಿಲ್ಲ. ಇನ್ನೂ ಹರಡದ ಹಾಗೆ ತಡೆಯಬಹುದು. ಅದೇ ನಿನ್ನ ಪ್ರಾಯಶ್ಚಿತ್ತ" ಎಂದರು. ಆಮೇಲೆ ಹೊರಗೆ ಪಾರ್ಕಿಂಗ್ ಕಡೆ ಸಿಕ್ಕಾಗ ನಾನೇ ತಡೆದು ಕೇಳಿದೆ. "ಅಂಥವರ ಬಗ್ಗೆ ಧರ್ಮಸಭೆ ಏನು ಹೇಳುತ್ತದೆ ಫಾದರ್?"

"ಎರಡು ಮಾತು ಹೇಳುತ್ತದೆ. ಆ ನಡತೆ ಸರಿಯಲ್ಲ ಅನ್ನುತ್ತದೆ. ಆ ಮನುಷ್ಯರನ್ನು ಗೌರವದಿಂದ ಕಾಣಿ, ಅನ್ಯಾಯ ಮಾಡಬೇಡಿ ಅಂತಲೂ ಹೇಳುತ್ತದೆ. ನಮ್ಮ ಜನ ಮೊದಲನೆಯದನ್ನು ಮಾತ್ರ ಬಾಯಿಪಾಠ ಮಾಡಿದ್ದಾರೆ."

"ಹಾಗಾದರೆ ನೀವು ಗುರ್ಕಾರರಿಗೆ ಒಂದು ಮಾತು ಹೇಳಬಹುದಲ್ಲ?"

ಅವರು ಸುತ್ತ ನೋಡಿದರು. ಗೇಟಿನಲ್ಲಿ ಸೆಕ್ಯುರಿಟಿಯವರು ಬ್ಯಾಗು ತಪಾಸಣೆ ಮಾಡುತ್ತಿದ್ದರು. "ನಾನು ಬಾಯಿ ಹಾಕಿದರೆ ಇದು ದೊಡ್ಡ ವಿಷಯ ಆಗ್ತದೆ. ದೊಡ್ಡದಾದರೆ ನಷ್ಟ ಯಾರಿಗೆ?" ಎಂದು ಹೇಳಿ ಹೋದರು. ಅದು ವಿವೇಕವೋ ಅಂಜಿಕೆಯೋ ನನಗೆ ಇವತ್ತಿಗೂ ತಿಳಿಯದು.

ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಇಬ್ಬರು ಕೆಲಸ ಮಾಡುತ್ತಿದ್ದರು. ಒಬ್ಬಳು ಪೆಂತೆಕೋಸ್ತ್ ಸಭೆಯ ಮಲಯಾಳಿ ನರ್ಸ್, ಇನ್ನೊಬ್ಬಳು ಫಿಲಿಪೀನ್ಸಿನ ಡೆಂಟಲ್ ಅಸಿಸ್ಟೆಂಟ್. ಈ ಸಲ ಯಾರ ಸುದ್ದಿ ಎಂದು ಸುಳಿವು ಕೊಡದೆ, ಊರಿನಲ್ಲಿ ಹೀಗೊಂದು ಆಯಿತಂತೆ ಎಂದು ಊಟದ ಹೊತ್ತಿಗೆ ಕೇಳಿದೆ.

ನರ್ಸ್ ಚಮಚ ಕೆಳಗಿಟ್ಟು ಗಂಭೀರವಾಗಿ ಹೇಳಿದಳು. "ನಮ್ಮ ಸಭೆಯಲ್ಲಾದರೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೇವೆ. ಬಿಡುಗಡೆ ಸಿಗುತ್ತದೆ."

"ಸಿಗದಿದ್ದರೆ?"

"ಅವರ ವಿಶ್ವಾಸ ಸಾಲದು." ಅವಳಿಗೆ ಅದರಲ್ಲಿ ಕಿಂಚಿತ್ತೂ ಅನುಮಾನ ಇರಲಿಲ್ಲ. ಕೆಟ್ಟ ಹೆಂಗಸಲ್ಲ ಅವಳು. ನನ್ನ ಮಗಳಿಗೆ ಜ್ವರ ಬಂದಾಗ ಡ್ಯೂಟಿ ಮುಗಿಸಿ ಮನೆಗೆ ಬಂದು ಕೂತವಳು.

ಫಿಲಿಪಿನೊ ಹುಡುಗಿ ನಕ್ಕಳು. "ನನ್ನ ತಮ್ಮ ಹಾಗೇ. ನಮ್ಮೂರ ಇಗರ್ಜಿಯಲ್ಲಿ ಹಬ್ಬದ ಹೂವಿನ ಅಲಂಕಾರ ಪೂರ್ತಿ ಅವನದೇ. ಅಮ್ಮ ಮೊದಲು ಅತ್ತಳು, ಈಗ ಅವನು ಬರದೆ ಊಟಕ್ಕೆ ಕೂರುವುದಿಲ್ಲ."

"ಪಾದ್ರಿ ಏನೂ ಅನ್ನುವುದಿಲ್ಲವಾ?"

"ಪಾದ್ರಿಗೆ ಹೂವು ಬೇಕಲ್ಲ."

ಕ್ರಿಸ್ಮಸ್ ಪೂಜೆಗೆ ಕೀಬೋರ್ಡ್ ನುಡಿಸಿದ್ದು ಗುರ್ಕಾರರ ಅಣ್ಣನ ಮಗ. ಮೊದಲ ಹಾಡೇ ಎರಡು ಮನೆ ಮೇಲಿನ ಶ್ರುತಿಯಲ್ಲಿ ಎತ್ತಿದ. ಮೇಲಿನ ಸ್ವರ ಹಾಡುವ ಸೊಪ್ರಾನೊದವರು ಕೊನೆಯ ಸಾಲಿಗೆ ಬರುವಾಗ ಬರೀ ಬಾಯಿ ಆಡಿಸುತ್ತಿದ್ದರು. ಮಾಸ್ಟ್ರು ಬಂದಿದ್ದರು. ಹಿಂದಿನ ಬೆಂಚಿನಲ್ಲಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು, ಎಲ್ಲರ ಜೊತೆ ಮೆಲ್ಲಗೆ ಹಾಡುತ್ತಿದ್ದರು.

ಪರಮಪ್ರಸಾದದ ಹೊತ್ತಿಗೆ ಜನ ಹೆಚ್ಚಿದ್ದರಿಂದ ಪಾದ್ರಿಗಳ ಜೊತೆ ಗುರ್ಕಾರರೂ ಹಂಚಲು ನಿಂತಿದ್ದರು. ಹಿಂದಿನ ಬೆಂಚಿನವರಿಗೆ ಸಿಕ್ಕಿದ್ದು ಗುರ್ಕಾರರ ಸಾಲು. ನಾನು ಕ್ವಾಯರ್ ಜಾಗದಿಂದ ನೋಡುತ್ತಿದ್ದೆ, ಹಾಡುವುದನ್ನು ಮರೆತೆ. ಮಾಸ್ಟ್ರು ಸಾಲು ಬದಲಿಸಲಿಲ್ಲ. ಅವರ ಸರದಿ ಬಂತು, ಅಂಗೈ ಚಾಚಿದರು. ಗುರ್ಕಾರರ ಕೈ ಒಂದು ಕ್ಷಣ ತಡೆಯಿತು. ಆಮೇಲೆ "ಕ್ರಿಸ್ತನ ಶರೀರ" ಎಂದರು. "ಆಮೆನ್" ಎಂದು ಮಾಸ್ಟ್ರು ಸ್ವೀಕರಿಸಿ ಬೆಂಚಿಗೆ ಹೋದರು. ಬೇರೆ ಯಾರಿಗೂ ಏನೂ ಕಂಡಿರಲಿಕ್ಕಿಲ್ಲ.

ಹೊಸ ವರ್ಷ ಕಳೆದ ಮೇಲೆ ನಾನು ಗಂಡನಿಗೆ, "ನನ್ನನ್ನು ಗುರ್ಕಾರರ ಮನೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಟ್ಯಾಕ್ಸಿಯಲ್ಲಿ ಹೋಗ್ತೇನೆ" ಎಂದೆ. ಕರೆದುಕೊಂಡು ಹೋದರು. ಗುರ್ಕಾರರು ಕ್ರಿಸ್ಮಸ್ ತಿಂಡಿಗಳ, ನಮ್ಮ ಕುಸ್ವಾರಿನ, ತಟ್ಟೆ ಮುಂದಿಟ್ಟರು. ಉಳಿದಿದ್ದ ಕೊನೆಯ ಚಕ್ಕುಲಿ, ಕಿಡಿಯೊ.

"ಅಣ್ಣ, ಮಾತು ಹೊರಗೆ ಬಿದ್ದದ್ದು ನನ್ನಿಂದ. ಮಾಸ್ಟ್ರು ನನಗೆ ಯಾಕೆ ಹೇಳಿದರು ಗೊತ್ತುಂಟಾ? ನಮ್ಮ ಹುಡುಗಿಯ ಬಾಳು ಹಾಳಾಗಬಾರದು ಅಂತ. ಸುಮ್ಮನೆ ಮದುವೆ ಆಗಿ ನಮ್ಮೆಲ್ಲರ ಕಣ್ಣಿಗೆ ಒಳ್ಳೆಯವರಾಗಿ ಇರಬಹುದಿತ್ತು."

ಗುರ್ಕಾರರು ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ನನಗೆ ಅವನ ಮೇಲೆ ದ್ವೇಷ ಇಲ್ಲ ಬಾಯೆ. ಆದರೆ ದೇವರ ಪುಸ್ತಕದಲ್ಲಿ ಬರೆದದ್ದನ್ನು ನಾನು ತಿದ್ದಲಿಕ್ಕೆ ಆಗ್ತದಾ?"

ಒಳಗಿನಿಂದ ಚಹಾ ತರುತ್ತಿದ್ದ ಅವರ ಹೆಂಡತಿ, "ಪರರ ಮೇಲೆ ಚಾಡಿ ಹೇಳಬಾರದು ಅಂತಲೂ ಅದೇ ಪುಸ್ತಕದಲ್ಲಿ ಉಂಟು" ಎಂದರು. ಅಷ್ಟು ಹೇಳಿ ಕಪ್ಪುಗಳನ್ನಿಟ್ಟು ಒಳಗೆ ಹೋದರು.

ಗುರ್ಕಾರರು ಮನಸ್ಸು ಬದಲಿಸಲಿಲ್ಲ. ಮಾಸ್ಟ್ರನ್ನು ಕ್ವಾಯರಿಗೆ ವಾಪಸ್ ಕರೆಯುವುದು ತನ್ನಿಂದ ಆಗದು ಎಂದು ನೇರವಾಗಿ ಹೇಳಿದರು. ಆದರೆ ಆ ಸಂಜೆಯೇ ವಿಷಯ ಗೊತ್ತಿದ್ದ ಇಬ್ಬರಿಗೂ ನಮ್ಮೆದುರೇ ಫೋನ್ ಮಾಡಿ, "ಆ ಮಾತು ಇನ್ನು ಯಾರ ಬಾಯಲ್ಲಾದರೂ ಕೇಳಿದರೆ ನಾನು ಸುಮ್ಮನಿರುವುದಿಲ್ಲ" ಎಂದರು. ಹೇಳಿದ ಹಾಗೆಯೇ ನಡೆದುಕೊಂಡರು. ಸುದ್ದಿ ಅಲ್ಲಿಗೇ ನಿಂತಿತು. ಮಾಸ್ಟ್ರ ಆಫೀಸಿನವರೆಗೆ ಹೋಗಲೇ ಇಲ್ಲ. ನನ್ನ ಎಷ್ಟೋ ಪ್ರಾರ್ಥನೆಗಳಲ್ಲಿ ಪೂರ್ತಿ ಈಡೇರಿದ್ದು ಅದೊಂದು.

ವಾಪಸ್ ಬರುವಾಗ ನನ್ನ ಗಂಡ ಸಿಗ್ನಲಿನಲ್ಲಿ ಕಾರು ನಿಲ್ಲಿಸಿ, "ಮಗಳ ವಿಷಯ ಎತ್ತಿದ್ದು ನನ್ನ ತಪ್ಪು" ಎಂದರು. ಮಾರನೆಯ ವಾರ ಅವರೇ ಮುಐದರ್‌ಗೆ ಹೋಗಿ ಮಾಸ್ಟ್ರನ್ನು ಕಂಡು ಬಂದರು. ಏನು ಮಾತಾಡಿಕೊಂಡರೋ ಇಬ್ಬರೂ ಹೇಳಲಿಲ್ಲ. ಬುಧವಾರ ಮಾಸ್ಟ್ರು ಬೆಲ್ ಮಾಡಿ, "ಪುಟ್ಟಿ ಇದ್ದಾಳಾ? ಎರಡು ತಿಂಗಳಲ್ಲಿ ಬೆರಳು ತುಕ್ಕು ಹಿಡಿದಿರ್ತದೆ" ಎಂದು ಒಳಗೆ ಬಂದರು. ಮೊದಲ ಕೆಲವು ವಾರ ನನ್ನ ಗಂಡ ಪೇಪರ್ ಹಿಡಿದು ಹಾಲಿನಲ್ಲೇ ಕೂರುತ್ತಿದ್ದರು. ಮಾಸ್ಟ್ರಿಗೆ ಅದು ಗೊತ್ತಾಗದೆ ಇರಲಿಲ್ಲ, ಆದರೆ ತೋರಿಸಿಕೊಳ್ಳಲಿಲ್ಲ. ಒಂದು ದಿನ ಪಾಠದ ನಡುವೆ ನನ್ನ ಗಂಡ ಎದ್ದು, "ಕುಬ್ಬೂಸ್ ಮುಗಿದಿದೆ, ತರ್ತೇನೆ" ಎಂದು ಹೊರಟರು. ನಾನು ಅಡುಗೆಮನೆಯಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಡಬ್ಬಿ ತುಂಬಾ ಕುಬ್ಬೂಸ್ ರೊಟ್ಟಿ ಇತ್ತು.

ಮಾಸ್ಟ್ರು ಇಂಗ್ಲಿಷ್ ಪೂಜೆಯ ಕ್ವಾಯರಿಗೆ ಸೇರಿದರು. ಅಲ್ಲಿ ಫಿಲಿಪೀನ್ಸಿನವರೇ ಹೆಚ್ಚು, ಯಾರೂ ಯಾರನ್ನೂ ಮದುವೆ ಯಾವಾಗ ಎಂದು ಕೇಳುತ್ತಿರಲಿಲ್ಲ. ನಾನು ಕೊಂಕಣಿ ಕ್ವಾಯರಿನಲ್ಲೇ ಉಳಿದೆ, ನಮ್ಮ ಹಾಡು ಮೊದಲಿನಂತೆ ಆಗಲಿಲ್ಲ. ನಾನು ಅವರಲ್ಲಿ ಕ್ಷಮೆ ಕೇಳಿದಾಗ ಅವರು, "ಕ್ಷಮಿಸಿದ್ದೇನೆ ಅಕ್ಕ. ಆದರೆ ಇನ್ನು ನಿಮಗೆ ಗುಟ್ಟು ಹೇಳುವುದಿಲ್ಲ" ಎಂದು ನಕ್ಕರು. ತಮಾಷೆಯಾಗಿ ಹೇಳಿದರೂ ಅದು ನಿಜವೇ ಆಗಿತ್ತು. ಅವರು ಮತ್ತೆ ಯಾವತ್ತೂ ತಮ್ಮ ಒಳಗಿನ ಮಾತು ನನ್ನ ಹತ್ತಿರ ಆಡಲಿಲ್ಲ.

ಎರಡು ವರ್ಷದ ಮೇಲೆ ಅವರಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು. ಏರ್‌ಪೋರ್ಟಿಗೆ ಬಿಟ್ಟದ್ದು ನನ್ನ ಗಂಡನೇ, ನಾನು ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಇಬ್ಬರೂ ಹೊಸ ರಸ್ತೆಗಳನ್ನು ಬೈದರು. ಟ್ರಾಲಿಗೆ ಪೆಟ್ಟಿಗೆ ಏರಿಸಿದ ಮೇಲೆ ನನ್ನ ಗಂಡ, "ಅಲ್ಲಿ ಒಂದು ಒಳ್ಳೆಯ ಇಗರ್ಜಿ ನೋಡಿಕೊಳ್ಳಿ" ಎಂದರು.

"ಒಳ್ಳೆಯದು ಅಂದ್ರೆ ಎಂಥದ್ದು?"

ನನ್ನ ಗಂಡ ಸ್ವಲ್ಪ ಯೋಚಿಸಿದರು. "ನಿಮ್ಮನ್ನು ಹಾಡಲಿಕ್ಕೆ ಬಿಡುವಂಥದ್ದು."

ಕೆಲವು ತಿಂಗಳ ಮೇಲೆ ಇಮೇಲ್ ಬಂತು. ಅಲ್ಲಿ ಎರಡು ಇಗರ್ಜಿ ನೋಡಿದ್ದರಂತೆ. ಒಂದರಲ್ಲಿ ಹಾಡು ಬಹಳ ಚಂದ, ಜನ ಬಿಗಿ. ಇನ್ನೊಂದರಲ್ಲಿ ಪಾದ್ರಿಯೂ ಜನರೂ ಇವರ ವಿಷಯ ತಿಳಿದೇ ಆದರದಿಂದ ಕಾಣುತ್ತಾರೆ, ಆದರೆ ಹಾಡು ಕೇಳಲಾಗದು. ಎರಡನೆಯದಕ್ಕೇ ಹೋಗುತ್ತಿದ್ದೇನೆ ಎಂದು ಬರೆದಿದ್ದರು. ಹಾಡನ್ನಾದರೆ ಕಲಿಸಬಹುದಲ್ಲ.