ತೇವದ ಸುದ್ದಿ ಹೇಳುವ ಗೋಡೆ

ಆಗ ನನಗೆ ಅರವತ್ತೆಂಟು. ಅದಾಗಿ ಮೂರು ವರ್ಷ. ನಮ್ಮ ಹಳ್ಳಿ ಬೇವೂರು ಬಿಟ್ಟು, ಫ್ಯಾಕ್ಟರಿಗಳಿರುವ ಗಿಣಿಗೇರಾಕ್ಕೆ ಮಗಳ ಜೊತೆ ಇರಲು ಬಂದ ದಿನ, ಮನೆಯ ಗೋಡೆ ಮುಟ್ಟಿದವಳು ಕೈ ಹಿಂದಕ್ಕೆ ತೆಗೆದೆ. ಶಾವಿಗೆ ಎಳೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗೆರೆ ಗೆರೆ. ಇಟ್ಟಂಗಿ ಇಲ್ಲ, ಗೌಂಡಿಯ ಕೈಗುರುತು ಇಲ್ಲ.

ಮಗಳು ಶಾಂತವ್ವ ಎದುರಿನ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲೊಂದು ಮಷೀನು ಕಂಬಿಯ ಮೇಲೆ ಓಡಾಡುತ್ತ, ಕಲಸಿದ ಸಿಮೆಂಟನ್ನು ಮೂತಿಯಿಂದ ಹಿಂಡುತ್ತ ಗೋಡೆ ಏಳಿಸುತ್ತದೆ. ನಡುನಡುವೆ ತೆಳ್ಳನೆಯ ಹಾಳೆ ಇಡುತ್ತಾರೆ. ಲಗ್ನಪತ್ರಿಕೆಗೆ ಅಚ್ಚು ಹಾಕಿದಂತೆ ಆ ಹಾಳೆಯ ಮೇಲೆ ಬೆಳ್ಳಿ ಮಸಿಯ ಗೆರೆ ಹೊಡೆದಿರುತ್ತಾರೆ. ಕರೆಂಟು ಹರಿಯುವುದು ಆ ಗೆರೆಯಲ್ಲೇ. ಗೋಡೆ ಬಿರಿದರೂ, ತೇವ ಏರಿದರೂ ಶೆಡ್ಡಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಹಾಗೆ ಕಟ್ಟಿದ ಮೊದಲ ಮನೆ ನಮ್ಮದು. ಪರೀಕ್ಷೆಗೆಂದು ನಮ್ಮನ್ನು ಇಟ್ಟಿದ್ದರು.

ಬೇವೂರಿನ ಗೋಡೆ ಸುಮ್ಮನಿರುತ್ತಿತ್ತು, ಮಂದಿ ಮಾತಾಡುತ್ತಿದ್ದರು. ಇಲ್ಲಿ ಪಕ್ಕದ ಮನೆಯಾಕೆ “ನಮ್ಮವರದು ಸೆಕೆಂಡ್ ಐತ್ರಿ” ಎಂದು ಬಾಗಿಲು ಹಾಕಿಕೊಂಡಳು. ಸೆಕೆಂಡ್ ಎಂದರೆ ಫ್ಯಾಕ್ಟರಿಯ ಎರಡನೇ ಪಾಳಿ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ಊರಿನ ಧೂಳು ಕೊಡವಿದರೆ ಹೋಗುತ್ತದೆ. ಇಲ್ಲಿಯ ಕರಿ ಧೂಳು ಒರೆಸಿದಷ್ಟೂ ಹತ್ತುತ್ತದೆ, ರೊಟ್ಟಿಯನ್ನೂ ಬಿಡುವುದಿಲ್ಲ. ಮಗಳು ಬೆಳಿಗ್ಗೆ ಹೋದರೆ ಸಂಜೆ ಬರುವಳು. ಅಷ್ಟರವರೆಗೆ ನನ್ನ ಬಾಯಿಗೆ ಕೆಲಸವಿರಲಿಲ್ಲ.

ಅಮಾವಾಸ್ಯೆ ಬಂತು. ಎಮ್ಮೆ ಕಟ್ಟಿದವರ ಮನೆಯಿಂದ ಸಗಣಿ ತಂದು, ಕೆಮ್ಮಣ್ಣು ಕಲಸಿ, ಊರಲ್ಲಿ ಮಾಡುವಂತೆ ಗೋಡೆಯ ಬುಡ ಸಾರಿಸಿದೆ. ಒಂದು ತಾಸಿನೊಳಗೆ ಶೆಡ್ಡಿನಿಂದ ಹುಡುಗಿಯೊಬ್ಬಳು ಓಡಿ ಬಂದಳು. ಗಂಗಾವತಿಯ ಸುನೀತಾ, ಆ ಗೋಡೆಯ ಎಂಜಿನಿಯರು. ಸಾರಿಸಿದ್ದು ನೋಡಿ ನಕ್ಕಳು. ಕಂಪ್ಯೂಟರಿನಲ್ಲಿ ತೇವ ಏರಿತೆಂದು ಹೆದರಿದ್ದಳಂತೆ. ಇನ್ನು ಮೇಲೆ ಹಾಗೆ ಮಾಡಬೇಡಿರೆಂದಳು. ಚಹಾ ಕುಡಿದು, ತನ್ನ ಅವ್ವನ ಸುದ್ದಿ ಹೇಳಿ, ಅರ್ಧ ತಾಸು ಕುಳಿತು ಹೋದಳು.

ಎಂಟು ದಿನ ಬಿಟ್ಟು ಜೋಳದ ಚೀಲದ ಹಿಂದಿನ ಗೋಡೆಗೆ ಒಂದು ಚೊಂಬು ನೀರು ಸುರಿದೆ. ಬಂದಳು. ಅಲ್ಲಿ ಇಲ್ಲಿ ಹುಡುಕಿ, ಏನೂ ಸಿಗದೆ, ಚಹಾ ಕುಡಿದು ಹೋದಳು. ಹೀಗೆ ನಾಲ್ಕು ಸಲ ಮಾಡಿದೆ. ತಪ್ಪೆಂದು ಗೊತ್ತಿತ್ತು.

ಐದನೆಯ ಸಲ ನಾನು ನೀರು ಹಾಕಿರಲಿಲ್ಲ. ತಾನಾಗಿ ಬಂದು ಒಲೆಯ ಹತ್ತಿರ ಕುಳಿತಳು.

“ಅಜ್ಜಿ, ಗೋಡಿ ನೆಲದಾಗಿನ ನೀರು ಎಳೀತೈತಿ ಅಂತಾರ್ರಿ ಸಾಹೇಬ್ರು. ನಾಳೆ ಒಡೀತಾರ. ನನ್ನ ಕೆಲಸಾನೂ ಮುಗೀತು.”

ಚಹಾದ ಪಾತ್ರೆ ಕೆಳಗಿಳಿಸಿದೆ. “ಗೋಡಿ ಎಳದಿಲ್ಲವ್ವ. ನಾ ಸುರದೀನಿ.”

“ಯಾಕ್ರಿ?”

“ನೀ ಬರ್ತಿದ್ದಿ ಅಂತ.”

“ಕರದಿದ್ರ ಬರ್ತಿದ್ನಲ್ರಿ.”

“ಚಾ ಕುಡಿಯಾಕ ಬಾ ಅಂತ ಕರದ್ರ ಕೆಲಸ ಬಿಟ್ಟು ಬರ್ತಿದ್ದೇನ?”

ಒಲೆ ಆರಿಸಿ ಎದ್ದೆ.

ಇಬ್ಬರೂ ಶೆಡ್ಡಿಗೆ ಹೋದೆವು. ಹಿರಿಯ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಶಾಂತವ್ವ ತಲೆ ಎತ್ತಲಿಲ್ಲ. ಸಾಹೇಬರು ಕಂಪ್ಯೂಟರು ನೋಡಿದರು. ನಾಲ್ಕು ಸಲವೂ ತೇವ ಒಂದೇ ಕಡೆ, ನನ್ನ ಕೈಯೆತ್ತರದಿಂದ ಕೆಳಗಿಳಿದಿತ್ತು. ನೆಲದಿಂದ ಏರಿರಲಿಲ್ಲ. ಬೆಳ್ಳಿ ಗೆರೆ ಖರೇನೇ ಹೇಳಿತ್ತು, ಓದಿದವರು ಅವಸರ ಮಾಡಿದ್ದರು. ಗೋಡೆ ಉಳಿಯಿತು, ಹುಡುಗಿಯ ಕೆಲಸವೂ ಉಳಿಯಿತು. ಅವಳು ನಮ್ಮ ಮನೆಗೆ ಬರುವ ಕಾರಣ ಮಾತ್ರ ಉಳಿಯಲಿಲ್ಲ.

ಊರಿಗೆ ಬಂದಾಗಲೆಲ್ಲ ಬೇವೂರಿನ ಓಣಿಯವರು ನೀವು ಕೇಳುತ್ತೀರಿ, ಯಾವಾಗ ತಿರುಗಿ ಬರುತ್ತಿ ಎಂದು. ಬೇವೂರಿನಲ್ಲಿ ನಾಲ್ಕು ದಿನ ಇದ್ದರೆ ಗಿಣಿಗೇರಾದ ಮಗಳ ಚಿಂತೆ, ಗಿಣಿಗೇರಾದಲ್ಲಿ ನಿಮ್ಮ ಚಿಂತೆ. ಎರಡೂ ಕಡೆ ನಾನು ಬಂದವಳೇ, ಇದ್ದವಳಲ್ಲ.

ಸಾಹೇಬರ ಮುಂದೆ ತಪ್ಪು ಒಪ್ಪಿಕೊಂಡ ಮರುದಿನ ಬೆಳಿಗ್ಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿದು, ಬಟ್ಟೆಯಲ್ಲಿ ಸುತ್ತಿಕೊಂಡು, ಶೆಡ್ಡಿನ ಗೇಟಿಗೆ ಹೋದೆ. ಸುನೀತಾಳನ್ನು ಕರಿ ಎಂದೆ. ಏನು ಕೆಲಸ ಎಂದು ಕಾವಲುಗಾರ ಕೇಳಿದ. ಕೆಲಸ ಏನೂ ಇಲ್ಲ ಎಂದು ಹೇಳಿ, ಅಲ್ಲೇ ನಿಂತೆ.